ಮುಜೀಬ್ ಯಾರ ಸ್ವತ್ತು?

ಆಗಸ್ಟ್ 15 ಅಂದರೆ ನಮಗೆ ಧ್ವಜ, ಪೆರೇಡ್, ಶಾಲೆಯಲ್ಲಿ ಹಂಚುವ ಸಿಹಿ. ಪಕ್ಕದ ಬಾಂಗ್ಲಾದೇಶದಲ್ಲಿ ಅದು ಯಾವ ದಿನ ಅನ್ನೋದು ಅಧಿಕಾರದಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಆ ದೇಶ ಕಟ್ಟಿದ ಶೇಖ್ ಮುಜೀಬುರ್ ರಹಮಾನ್ ಕೊಲೆಯಾದದ್ದು 1975ರ ಆಗಸ್ಟ್ 15ರ ನಸುಕಿನಲ್ಲಿ. ಮುಂದಿನ 21 ವರ್ಷ ಸರ್ಕಾರಕ್ಕೆ ಆ ದಿನ ಲೆಕ್ಕಕ್ಕೇ ಇರಲಿಲ್ಲ. 1996ರಲ್ಲಿ ಮಗಳು ಶೇಖ್ ಹಸೀನಾ ಪ್ರಧಾನಿಯಾದ ಮೇಲೆ ಅದು ರಾಷ್ಟ್ರೀಯ ಶೋಕ ದಿನವಾಯಿತು, ರಜೆ ಬಂತು. 2002ರಲ್ಲಿ ಹಸೀನಾ ಎದುರಾಳಿ ಖಾಲಿದಾ ಜಿಯಾ ಸರ್ಕಾರ ರಜೆ ತೆಗೆಯಿತು. 2008ರಲ್ಲಿ ಹೈಕೋರ್ಟ್ ಆದೇಶದಿಂದ ಮತ್ತೆ ಬಂತು. 2024ರ ಆಗಸ್ಟ್‌ನಲ್ಲಿ ಮಧ್ಯಂತರ ಸರ್ಕಾರ ಮತ್ತೆ ತೆಗೆಯಿತು. ಒಬ್ಬ ಮನುಷ್ಯನ ಸಾವನ್ನು ಒಂದು ದೇಶ ಹೀಗೆ ಸ್ವಿಚ್ ಥರ ಹಾಕಿ, ಆರಿಸಿ, ಮತ್ತೆ ಹಾಕಿ ಮಾಡುತ್ತಾ ಬಂದಿದೆ.

ಈ ಸಲ ಮಾತ್ರ ರಜೆ ತೆಗೆಯುವುದಕ್ಕೆ ನಿಲ್ಲಲಿಲ್ಲ. 2024ರ ಆಗಸ್ಟ್ 5ರಂದು ವಿದ್ಯಾರ್ಥಿ ದಂಗೆಗೆ ಮಣಿದು ಹಸೀನಾ ಅಧಿಕಾರ ಬಿಟ್ಟು ಭಾರತಕ್ಕೆ ಓಡಿಬಂದ ದಿನವೇ ಢಾಕಾದ ಬಿಜೋಯ್ ಸರಣಿಯಲ್ಲಿದ್ದ ಮುಜೀಬ್ ಪ್ರತಿಮೆಯನ್ನು ಜನ ಕೆಡವಿದರು. ಧಾನ್ಮಂಡಿ 32ನೇ ರಸ್ತೆಯ ಅವರ ಮನೆಗೆ ಬೆಂಕಿ ಬಿತ್ತು. ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದ ದರ್ಬಾರ್ ಹಾಲ್‌ನಿಂದ ಅವರ ಚಿತ್ರ ಇಳಿಯಿತು. 2025ರ ಫೆಬ್ರವರಿ 5ರ ರಾತ್ರಿ ಎಕ್ಸ್‌ಕವೇಟರ್ ತಂದು ಸುಟ್ಟುಳಿದ ಆ ಮನೆಯನ್ನೇ ಒಡೆದು ಹಾಕಿದರು. ಜೂನ್‌ನಲ್ಲಿ ಮುಜೀಬ್ ಮುಖವಿಲ್ಲದ ಹೊಸ ನೋಟುಗಳು ಬಂದವು. 1,000 ಟಾಕಾ ನೋಟಿನಲ್ಲಿ ಸವಾರ್‌ನ ಹುತಾತ್ಮ ಸ್ಮಾರಕ, 20ರ ನೋಟಿನಲ್ಲಿ ಕಾಂತಜೀ ದೇವಸ್ಥಾನ. ಜಮುನಾ ನದಿಯ ಸೇತುವೆ, ಢಾಕಾದ ವೈದ್ಯಕೀಯ ವಿಶ್ವವಿದ್ಯಾಲಯ, ಕೊನೆಗೆ ಆಕಾಶದಲ್ಲಿ ಸುತ್ತುತ್ತಿರುವ ಉಪಗ್ರಹ ಕೂಡ ತಮ್ಮ ಹೆಸರಿನಲ್ಲಿದ್ದ 'ಬಂಗಬಂಧು' (ಬಂಗಾಳದ ಬಂಧು) ಅನ್ನುವ ಮುಜೀಬ್ ಬಿರುದನ್ನು ಕಳೆದುಕೊಂಡವು.

ನಮ್ಮ ಟಿವಿಗಳಲ್ಲಿ ಇದಕ್ಕೆ ಸಿಕ್ಕ ವಿವರಣೆ ಒಂದೇ ಸಾಲಿನದು: ಮೂಲಭೂತವಾದಿಗಳು ಬಂದರು, ರಾಷ್ಟ್ರಪಿತನನ್ನು ಒಡೆದರು. ಇದರಲ್ಲಿ ಸುಳ್ಳೇನಿಲ್ಲ. 1971ರಲ್ಲಿ ಪಾಕಿಸ್ತಾನದ ಪರ ನಿಂತ ಜಮಾತೆ ಇಸ್ಲಾಮಿಗೆ ಮುಜೀಬ್ ಎಂದೂ ಬೇಕಾಗಿರಲಿಲ್ಲ. ಆ ದಿನಗಳಲ್ಲಿ ಹಿಂದೂಗಳ ಮನೆ, ದೇವಸ್ಥಾನಗಳ ಮೇಲೆ ದಾಳಿ ನಡೆದದ್ದೂ ನಿಜ. ಆದರೆ ಪ್ರತಿಮೆಗೆ ಹಗ್ಗ ಹಾಕಿ ಎಳೆದ ಎಲ್ಲ ಹುಡುಗರೂ ಜಮಾತಿನವರಲ್ಲ. ಅವರಲ್ಲಿ ಹೆಚ್ಚಿನವರು ಹಸೀನಾ ಕಾಲದ ಪಠ್ಯಪುಸ್ತಕ ಓದಿ ಬೆಳೆದವರು. ಶಾಲೆಯಲ್ಲಿ 'ಮುಜೀಬ್ ಕಾರ್ನರ್', ಟಿವಿಯಲ್ಲಿ ಮುಜೀಬ್, ಜೇಬಿನ ನೋಟಿನಲ್ಲಿ ಮುಜೀಬ್. ಇಷ್ಟು ಬಾಯಿಪಾಠ ಮಾಡಿಸಿದ ಮೇಲೂ ಇಷ್ಟು ಸಿಟ್ಟು ಯಾಕೆ? ನನ್ನ ಪ್ರಕಾರ, ಮಗಳ ಸರ್ಕಾರ ಅಪ್ಪನನ್ನು ಇತಿಹಾಸದಿಂದ ಎತ್ತಿ ಪಕ್ಷದ ಕಪಾಟಿನಲ್ಲಿಟ್ಟು ಬೀಗ ಹಾಕಿತು. ಪಕ್ಷದ ಮೇಲಿನ ಸಿಟ್ಟು ಉಕ್ಕಿದಾಗ ಜನ ಕಪಾಟಿನ ಸಮೇತ ಒಡೆದರು.

ಹಾಗಾದರೆ ಆ ಮನುಷ್ಯ ಎಂಥವರು?

1920ರ ಮಾರ್ಚ್ 17ರಂದು, ಆಗಿನ ಫರೀದ್‌ಪುರ ಜಿಲ್ಲೆಯ ಟುಂಗಿಪಾಡಾ ಅನ್ನುವ ಹಳ್ಳಿಯಲ್ಲಿ ಹುಟ್ಟಿದರು. ಕಲ್ಕತ್ತೆಯ ಇಸ್ಲಾಮಿಯಾ ಕಾಲೇಜಿನಲ್ಲಿ ಓದುವಾಗ ಮುಸ್ಲಿಂ ಲೀಗ್‌ನ ಕಾರ್ಯಕರ್ತ, ಲೀಗ್ ನಾಯಕ ಹುಸೇನ್ ಶಹೀದ್ ಸುಹ್ರಾವರ್ದಿಯವರ ಶಿಷ್ಯ. ಪಾಕಿಸ್ತಾನ ಬೇಕು ಅಂತ ಬೀದಿ ಸುತ್ತಿದವರು. ಅವರ, ಆಮೇಲೆ ಹಸೀನಾರ ಪಕ್ಷವಾದ ಅವಾಮಿ ಲೀಗ್‌ನವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ನನಗೆ ಮಾತ್ರ ಇದೇ ಮುಖ್ಯ ಅನ್ನಿಸುತ್ತದೆ. ಅವರಿಗೆ ಪಾಕಿಸ್ತಾನದ ಮೇಲೆ ಹುಟ್ಟಿನಿಂದ ಹಗೆ ಇರಲಿಲ್ಲ, ನಂಬಿ ಕೆಟ್ಟವರು ಅವರು. 1948ರ ಮಾರ್ಚ್‌ನಲ್ಲಿ ಜಿನ್ನಾ ಢಾಕಾದ ರೇಸ್‌ಕೋರ್ಸ್ ಮೈದಾನಕ್ಕೆ ಬಂದು, ಉರ್ದು ಒಂದೇ ರಾಷ್ಟ್ರಭಾಷೆ ಅಂದರು. ಅದಕ್ಕೆ ಕೆಲವೇ ದಿನ ಮೊದಲು, ಮಾರ್ಚ್ 11ರಂದು, ಬಂಗಾಳಿ ಭಾಷೆಗಾಗಿ ನಡೆದ ಮುಷ್ಕರದಲ್ಲಿ ಮುಜೀಬ್ ಬಂಧನವಾಗಿತ್ತು. ಮರುವರ್ಷ ಢಾಕಾ ವಿಶ್ವವಿದ್ಯಾಲಯದ ಕೆಳದರ್ಜೆ ನೌಕರರ ಮುಷ್ಕರ ಬೆಂಬಲಿಸಿದ್ದಕ್ಕೆ ಅಲ್ಲಿಂದ ಹೊರಹಾಕಿದರು. 1952ರ ಫೆಬ್ರವರಿ 21ರಂದು ಭಾಷೆಗಾಗಿ ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದಾಗ ಅವರು ಜೈಲಿನಲ್ಲಿದ್ದರು. ನಾವು ಇಲ್ಲಿ ಕನ್ನಡದ ಕಾರ್ಯಕ್ರಮ ಇಟ್ಟುಕೊಳ್ಳುವ ವಿಶ್ವ ತಾಯ್ನುಡಿ ದಿನ ಇದೆಯಲ್ಲ, ಅದು ಬಂದದ್ದು ಆ ಫೆಬ್ರವರಿ 21ರಿಂದಲೇ.

1966ರ ಫೆಬ್ರವರಿಯಲ್ಲಿ ಲಾಹೋರ್‌ನಲ್ಲಿ ಆರು ಅಂಶಗಳ ಬೇಡಿಕೆ ಇಟ್ಟರು. ತಿರುಳು ಇಷ್ಟೇ: ಕೇಂದ್ರದ ಕೈಯಲ್ಲಿ ರಕ್ಷಣೆ, ವಿದೇಶಾಂಗ ಇರಲಿ. ತೆರಿಗೆ, ವಿದೇಶಿ ವಿನಿಮಯದ ಲೆಕ್ಕ ಆಯಾ ಪ್ರಾಂತ್ಯದ್ದು. ಪೂರ್ವ ಪಾಕಿಸ್ತಾನದ, ಅಂದರೆ ಇಂದಿನ ಬಾಂಗ್ಲಾದೇಶದ, ಸೆಣಬು ಮಾರಿ ಬಂದ ಡಾಲರ್ ಪಶ್ಚಿಮದಲ್ಲಿ ಖರ್ಚಾಗುತ್ತಿದೆ ಅನ್ನುವ ಸಂಕಟ ಅದರ ಹಿಂದಿತ್ತು. ಭಾರತದ ಜೊತೆ ಸೇರಿ ದೇಶ ಒಡೆಯಲು ಹೊರಟಿದ್ದಾರೆ ಅಂತ ಪಾಕಿಸ್ತಾನ ಸರ್ಕಾರ ಅಗರ್ತಲಾ ಸಂಚು ಪ್ರಕರಣದ ಕೇಸು ಜಡಿಯಿತು. 1969ರ ಜನಾಂದೋಲನ ಅವರನ್ನು ಬಿಡಿಸಿಕೊಂಡು ಬಂತು, 'ಬಂಗಬಂಧು' ಬಿರುದೂ ಆಗಲೇ ಬಂತು. 1970ರ ಡಿಸೆಂಬರ್ ಚುನಾವಣೆಯಲ್ಲಿ ಪೂರ್ವದ 162 ಸಾಮಾನ್ಯ ಸ್ಥಾನಗಳಲ್ಲಿ 160 ಅವಾಮಿ ಲೀಗ್‌ಗೆ. ಇಡೀ ಪಾಕಿಸ್ತಾನಕ್ಕೇ ಬಹುಮತ. ಆದರೂ ಪ್ರಧಾನಿ ಕುರ್ಚಿ ಕೊಡಲಿಲ್ಲ. 1971ರ ಮಾರ್ಚ್ 1ರಂದು ಪಾಕಿಸ್ತಾನದ ಸೇನಾ ಆಡಳಿತಗಾರ ಯಾಹ್ಯಾ ಖಾನ್ ಸಂಸತ್ ಅಧಿವೇಶನವನ್ನೇ ಮುಂದೂಡಿದರು.

ಮುಜೀಬ್ ಅಂದರೆ ಏನು ಅಂತ ತಿಳಿಯಬೇಕಿದ್ದರೆ ಆರು ದಿನದ ನಂತರದ ಅವರ ಭಾಷಣ ಕೇಳಬೇಕು. ಮಾರ್ಚ್ 7, ಅದೇ ರೇಸ್‌ಕೋರ್ಸ್ ಮೈದಾನ. ಕಣ್ಣು ಹಾಯಿಸಿದಷ್ಟು ದೂರ ಜನ, ಕೈಯಲ್ಲಿ ಬಿದಿರು ಕೋಲು. ಇವತ್ತೇ ಸ್ವಾತಂತ್ರ್ಯ ಘೋಷಿಸಿ ಅಂತ ವಿದ್ಯಾರ್ಥಿ ನಾಯಕರ ಒತ್ತಾಯ. ಘೋಷಿಸಿದರೆ ಸುಮ್ಮನಿರುವುದಿಲ್ಲ ಅಂತ ಕಾದು ಕೂತ ಸೇನೆ. ಕೈಯಲ್ಲಿ ಚೀಟಿ ಇಲ್ಲದೆ ಇಪ್ಪತ್ತು ನಿಮಿಷದ ಒಳಗೇ ಮಾತು ಮುಗಿಸಿದರು. ಮೊದಲು ನಾಲ್ಕು ಷರತ್ತು: ಸೇನಾಡಳಿತ ತೆಗೆಯಿರಿ, ಸೈನಿಕರು ಬ್ಯಾರಕ್‌ಗೆ ಹೋಗಲಿ, ಕೊಲೆಗಳ ತನಿಖೆಯಾಗಲಿ, ಗೆದ್ದವರಿಗೆ ಅಧಿಕಾರ ಕೊಡಿ. ಆಮೇಲೆ ಬರುವುದು ಬಹಳ ಸಣ್ಣ ಸಣ್ಣ ಸೂಚನೆಗಳು. ಕೋರ್ಟು, ಕಚೇರಿ ಬಂದ್. ರಿಕ್ಷಾ ಓಡಲಿ, ರೈಲು ಓಡಲಿ, ಲಾಂಚ್ ಓಡಲಿ, ಬಡವರಿಗೆ ತೊಂದರೆ ಆಗಬಾರದು. 28ನೇ ತಾರೀಕು ನೌಕರರು ಹೋಗಿ ಸಂಬಳ ತೆಗೆದುಕೊಂಡು ಬನ್ನಿ. ದಂಗೆ ಏಳುತ್ತಿರುವ ಜನರಿಗೆ ಸಂಬಳದ ತಾರೀಕು ನೆನಪಿಸಿದ ನಾಯಕ ಇನ್ನೊಬ್ಬ ಸಿಗುವುದು ಕಷ್ಟ. ಕೊನೆಯ ಸಾಲು ಎಲ್ಲರಿಗೂ ಗೊತ್ತಿರುವಂಥದ್ದು: ಈ ಸಲದ ಹೋರಾಟ ನಮ್ಮ ಮುಕ್ತಿಯ ಹೋರಾಟ, ಈ ಸಲದ ಹೋರಾಟ ಸ್ವಾತಂತ್ರ್ಯದ ಹೋರಾಟ. ಸ್ವಾತಂತ್ರ್ಯ ಅನ್ನುವ ಮಾತು ಹೇಳಿಯೇಬಿಟ್ಟರು, ಕಾನೂನಿನ ಕೈಗೆ ಮಾತ್ರ ಸಿಗಲಿಲ್ಲ. ಆ ದಿನ ಭಾಷಣದ ಪ್ರಸಾರಕ್ಕೆ ಅಡ್ಡಿ ಬಂದಾಗ ಢಾಕಾ ರೇಡಿಯೊ ಸಿಬ್ಬಂದಿ ಕೆಲಸ ಬಿಟ್ಟು ಎದ್ದು ಹೋದರು. ಮರುದಿನ ಬೆಳಿಗ್ಗೆ ಪ್ರಸಾರ ಮಾಡಲೇಬೇಕಾಯಿತು.

ಮಾರ್ಚ್ 25ರ ರಾತ್ರಿ ಸೇನೆ ಢಾಕಾ ಮೇಲೆ ಬಿತ್ತು. ಮುಜೀಬ್ ತಪ್ಪಿಸಿಕೊಳ್ಳಲಿಲ್ಲ, ಧಾನ್ಮಂಡಿಯ ಮನೆಯಲ್ಲೇ ಸಿಕ್ಕಿಬಿದ್ದು ಪಶ್ಚಿಮ ಪಾಕಿಸ್ತಾನದ ಜೈಲು ಸೇರಿದರು. ಅಂದರೆ ಬಾಂಗ್ಲಾದೇಶದ ಯುದ್ಧ ನಡೆದ ಒಂಬತ್ತು ತಿಂಗಳೂ ಅವರು ಅಲ್ಲಿರಲಿಲ್ಲ. ಅವರ ಹೆಸರಿನಲ್ಲಿ ಯುದ್ಧ ನಡೆಸಿದ್ದು ತಾಜುದ್ದೀನ್ ಅಹ್ಮದ್. ಗಡಿಯ ಮಾವಿನ ತೋಪೊಂದರಲ್ಲಿ ಏಪ್ರಿಲ್ 17ರಂದು ಪ್ರಮಾಣವಚನ ತೆಗೆದುಕೊಂಡ ಹಂಗಾಮಿ ಸರ್ಕಾರದ ಪ್ರಧಾನಿ ಅವರು. ಕಲ್ಕತ್ತೆಯ ಥಿಯೇಟರ್ ರಸ್ತೆಯ ಕಚೇರಿಯಲ್ಲೇ ಮಲಗಿ ಏಳುತ್ತಿದ್ದರು. ದಿಲ್ಲಿಯ ಜೊತೆ ಮಾತು, ಮುಕ್ತಿ ಬಾಹಿನಿ ಅನ್ನುವ ಹೋರಾಟಗಾರರ ಪಡೆಯ ಹೊಣೆ, ಒಳಗಿನ ಕಚ್ಚಾಟ, ಎಲ್ಲ ಅವರ ತಲೆ ಮೇಲೆ. ಆ ಕಾಲದಲ್ಲಿ ಭಾರತಕ್ಕೆ ಬಂದ ನಿರಾಶ್ರಿತರು ಸುಮಾರು 1 ಕೋಟಿ. ಪೂರ್ವ ಬಂಗಾಳ ಬಿಟ್ಟು ಬಂದವರ ಕೆಲವು ಕುಟುಂಬಗಳು ನಮ್ಮ ರಾಯಚೂರು ಜಿಲ್ಲೆ ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲೆ ನಿಂತಿವೆ. ಅಲ್ಲಿ ಇವತ್ತೂ ಬಂಗಾಳಿ ಮಾತು ಕೇಳಬಹುದು.

ಡಿಸೆಂಬರ್ 16ರಂದು ಪಾಕಿಸ್ತಾನಿ ಸೇನೆ ಶರಣಾಯಿತು. ಜಿನ್ನಾ ಮಾತಾಡಿದ, ಮುಜೀಬ್ ಮಾತಾಡಿದ ಅದೇ ಮೈದಾನದಲ್ಲಿ. 1972ರ ಜನವರಿ 10ರಂದು ಲಂಡನ್, ದಿಲ್ಲಿ ದಾಟಿ ಮುಜೀಬ್ ಢಾಕಾಗೆ ಇಳಿದರು.

ಮೊದಲ ವರ್ಷದ ಕೆಲಸ ಕಡಿಮೆಯೇನಲ್ಲ. ಮಾರ್ಚ್ ಹೊತ್ತಿಗೆ ಭಾರತದ ಸೇನೆಯನ್ನು ಗೌರವದಿಂದಲೇ ವಾಪಸ್ ಕಳಿಸಿದರು. ಗೆಲ್ಲಿಸಿಕೊಟ್ಟ ಸೇನೆಗೆ ಇನ್ನು ಸಾಕು ಅನ್ನಲು ಧೈರ್ಯ ಬೇಕು, ಅಲ್ವಾ? ವರ್ಷದೊಳಗೆ ಸಂವಿಧಾನ ಬಂತು. ರಾಷ್ಟ್ರೀಯತೆ, ಸಮಾಜವಾದ, ಪ್ರಜಾಪ್ರಭುತ್ವ, ಧರ್ಮನಿರಪೇಕ್ಷತೆ ಅದರ ನಾಲ್ಕು ಕಂಬ. ಆದರೆ ಅದೇ ಸಂವಿಧಾನ ದೇಶದ ಪ್ರಜೆಗಳೆಲ್ಲ 'ಬಂಗಾಳಿಗಳು' ಅಂದಿತು. ಚಿತ್ತಗಾಂಗ್ ಗುಡ್ಡಗಾಡಿನ ಪ್ರತಿನಿಧಿ ಮಾನವೇಂದ್ರ ನಾರಾಯಣ ಲಾರ್ಮಾ ಸಭೆಯಲ್ಲಿ ಎದ್ದು ನಿಂತು, ಚಕ್ಮಾ ಬುಡಕಟ್ಟಿನವನೊಬ್ಬ ಬಂಗಾಳಿ ಆಗುವುದು ಹೇಗೆ ಅಂತ ಕೇಳಿದರು. ಯಾರೂ ಕಿವಿಗೊಡಲಿಲ್ಲ. ಉರ್ದು ಹೇರಿದರು ಅಂತ ಎದ್ದ ದೇಶ ವರ್ಷ ತುಂಬುವುದರೊಳಗೆ ತನ್ನ ಸಣ್ಣ ಸಮುದಾಯಗಳ ಮೇಲೆ ತನ್ನ ಗುರುತು ಹೇರಿತು. ಮುಂದೆ ಆ ಗುಡ್ಡಗಳಲ್ಲಿ ಎರಡು ದಶಕ ಬಂದೂಕಿನ ಸದ್ದು ನಿಲ್ಲಲಿಲ್ಲ.

ಹಸೀನಾ ಕಾಲದಲ್ಲಿ ಯಾರೂ ಬಾಯಿಬಿಟ್ಟು ಚರ್ಚಿಸಲು ಆಗದೇ ಹೋದ ವಿಷಯ ಮಾತ್ರ 1974. ಆ ವರ್ಷ ಬ್ರಹ್ಮಪುತ್ರಾ ಪ್ರವಾಹ ರಂಗಪುರ, ಮೈಮನ್‌ಸಿಂಗ್ ಕಡೆ ಹೊಲಗಳನ್ನು ಮುಳುಗಿಸಿತು. ಅಕ್ಕಿ ಬೆಲೆ ಗಗನಕ್ಕೆ. ಸರ್ಕಾರದ ಲೆಕ್ಕದಲ್ಲಿ ಸತ್ತವರು ಸುಮಾರು 27,000. ಬೇರೆ ಅಂದಾಜುಗಳು ಇದರ ಎಷ್ಟೋ ಪಟ್ಟು, ಕೆಲವು 10 ಲಕ್ಷ ದಾಟುತ್ತವೆ. ಕ್ಯೂಬಾಕ್ಕೆ ಸೆಣಬಿನ ಚೀಲ ಮಾರಿದರು ಅಂತ ಅಮೆರಿಕ ಧಾನ್ಯ ಕಳಿಸುವುದನ್ನು ತಡೆಹಿಡಿದದ್ದು ನಿಜ. ಆದರೆ ಎಲ್ಲವನ್ನೂ ಅಮೆರಿಕದ ಮೇಲೆ ಹಾಕಲು ಬರುವುದಿಲ್ಲ. ಅಮರ್ತ್ಯ ಸೇನ್ ಲೆಕ್ಕ ಹಾಕಿ ತೋರಿಸಿದಂತೆ ಆ ವರ್ಷ ದೇಶದಲ್ಲಿ ತಲಾ ಸಿಗಬಹುದಾಗಿದ್ದ ಧಾನ್ಯ ಹಿಂದುಮುಂದಿನ ವರ್ಷಗಳಿಗಿಂತ ಜಾಸ್ತಿಯೇ ಇತ್ತು. ಪ್ರವಾಹದಿಂದ ಕೂಲಿ ನಿಂತು ಕೊಳ್ಳುವ ಶಕ್ತಿ ಹೋಗಿತ್ತು. ಮುಂದೆ ಅಕ್ಕಿ ಸಿಗುವುದಿಲ್ಲ ಅನ್ನುವ ಭಯಕ್ಕೆ ಬೆಲೆ ಏರಿತು. ದಾಸ್ತಾನು, ಗಡಿಯಾಚೆ ಕಳ್ಳಸಾಗಣೆಯ ಆರೋಪಗಳಲ್ಲಿ ಆಳುವ ಪಕ್ಷದವರ ಹೆಸರೇ ತೇಲಾಡಿತು. ಸೆಪ್ಟೆಂಬರ್ 25ರಂದು ಮುಜೀಬ್ ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ಬಂಗಾಳಿಯಲ್ಲಿ ಮಾತಾಡಿದರು. ಭಾಷೆಗಾಗಿ ಜೈಲಿಗೆ ಹೋದವರಿಗೆ ದೊಡ್ಡ ದಿನ ಅದು. ಅದೇ ವಾರಗಳಲ್ಲಿ ರಂಗಪುರದ ಕೂಲಿಗಳು ಗಂಜಿ ಕೇಂದ್ರದ ಸಾಲಿನಲ್ಲಿ ನಿಂತಿದ್ದರು.

ಮುಂದಿನದ್ದು ಬೇಗ ಬೇಗ ಕುಸಿಯಿತು. ಅಕ್ಟೋಬರ್‌ನಲ್ಲಿ ತಾಜುದ್ದೀನ್ ಮಂತ್ರಿಮಂಡಲದಿಂದ ಹೊರಗೆ. ಡಿಸೆಂಬರ್‌ನಲ್ಲಿ ತುರ್ತು ಪರಿಸ್ಥಿತಿ. ರಕ್ಖಿ ಬಾಹಿನಿ ಅನ್ನುವ ಅರೆಸೇನಾ ಪಡೆಯ ಹೆಸರು ಕೇಳಿದರೆ ಎಡಪಕ್ಷದ ಹುಡುಗರು ನಡುಗುತ್ತಿದ್ದರು. 1975ರ ಜನವರಿ 25ರಂದು ನಾಲ್ಕನೇ ತಿದ್ದುಪಡಿ: ಅಧ್ಯಕ್ಷೀಯ ಆಡಳಿತ, ಬಾಕ್ಸಾಲ್ ಅನ್ನುವ ಒಂದೇ ಪಕ್ಷ. ಜೂನ್‌ನಲ್ಲಿ ನಾಲ್ಕು ಪತ್ರಿಕೆ ಬಿಟ್ಟು ಉಳಿದ ದಿನಪತ್ರಿಕೆಗಳಿಗೆ ಬೀಗ. ಇಲ್ಲಿ ನಮ್ಮಲ್ಲೂ ಅದೇ ತಿಂಗಳು ತುರ್ತು ಪರಿಸ್ಥಿತಿ ಬಂತು, ಆ ವರ್ಷದ ಗಾಳಿಯೇ ಹಾಗಿತ್ತೇನೋ. 1973ರ ಚುನಾವಣೆಯಲ್ಲಿ 300ಕ್ಕೆ 293 ಸ್ಥಾನ ಗೆದ್ದ ಪಕ್ಷಕ್ಕೆ ಇದೆಲ್ಲ ಯಾಕೆ ಬೇಕಿತ್ತು ಅನ್ನುವ ಪ್ರಶ್ನೆಗೆ ಅವರ ಭಕ್ತರ ಹತ್ತಿರ ಇವತ್ತಿಗೂ ಸರಿಯಾದ ಉತ್ತರ ಇಲ್ಲ.

ಆಗಸ್ಟ್ 15ರಂದು ಸೇನೆಯ ಕೆಲವು ಕಿರಿಯ ಅಧಿಕಾರಿಗಳು ಧಾನ್ಮಂಡಿಯ ಮನೆಗೆ ನುಗ್ಗಿದರು. ಮುಜೀಬ್ ಬಿದ್ದದ್ದು ಮೆಟ್ಟಿಲ ಮೇಲೆ. ಹೆಂಡತಿ, ಮೂವರು ಗಂಡುಮಕ್ಕಳು, ಇಬ್ಬರು ಸೊಸೆಯರು, ತಮ್ಮ, ಯಾರನ್ನೂ ಬಿಡಲಿಲ್ಲ. ಕಿರಿಯ ಮಗ ರಸೆಲ್‌ಗೆ 10 ವರ್ಷ. ಯುರೋಪಿನಲ್ಲಿದ್ದ ಹಸೀನಾ, ರೆಹಾನಾ ಉಳಿದರು. ನವೆಂಬರ್ 3ರಂದು ತಾಜುದ್ದೀನ್ ಸೇರಿ ನಾಲ್ವರು ನಾಯಕರನ್ನು ಢಾಕಾ ಜೈಲಿನೊಳಗೇ ಕೊಂದರು. ಆ ನಡುವೆ, ಸೆಪ್ಟೆಂಬರ್‌ನಲ್ಲೇ, ಆಗಸ್ಟ್ 15ರ ಕೊಲೆಗಾರರ ಮೇಲೆ ಕೇಸು ಹಾಕುವಂತಿಲ್ಲ ಅಂತ ಸುಗ್ರೀವಾಜ್ಞೆ ಬಂದಿತ್ತು. ಅದು ರದ್ದಾಗಲು 1996 ಬರಬೇಕಾಯಿತು. ಐವರನ್ನು ಗಲ್ಲಿಗೇರಿಸಿದ್ದು 2010ರಲ್ಲಿ.

ನಡುವಿನ ಆ 21 ವರ್ಷ ಮುಜೀಬ್ ಹೆಸರು ಸರ್ಕಾರಿ ರೇಡಿಯೊ, ಟಿವಿಯಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ಅವರ ಜಾಗಕ್ಕೆ ಜನರಲ್ ಜಿಯಾವುರ್ ರಹಮಾನ್ ಬಂದರು. 1971ರ ಮಾರ್ಚ್ 27ರಂದು ಚಿತ್ತಗಾಂಗ್‌ನ ಕಾಲೂರ್‌ಘಾಟ್ ರೇಡಿಯೊದಿಂದ ಮುಜೀಬ್ ಪರವಾಗಿ ಸ್ವಾತಂತ್ರ್ಯ ಘೋಷಣೆ ಓದಿದ ಮೇಜರ್ ಅವರೇ. ಅವರ ಹೆಂಡತಿ ಖಾಲಿದಾ 1990ರ ದಶಕದಿಂದ ಆಗಸ್ಟ್ 15ರಂದೇ ತಮ್ಮ ಹುಟ್ಟುಹಬ್ಬದ ಕೇಕ್ ಕತ್ತರಿಸತೊಡಗಿದರು. ಅಳಿಸುವ ಕೆಲಸ ಅಷ್ಟು ಸಣ್ಣತನಕ್ಕೆ ಇಳಿದಿತ್ತು. ಆದರೂ ಮುಜೀಬ್ ಅಳಿಯಲಿಲ್ಲ. ಮಾರ್ಚ್ 7ರ ಕ್ಯಾಸೆಟ್ ಬೀದಿಯ ಮೈಕಿನಲ್ಲಿ ಕೇಳಿಸುತ್ತಲೇ ಇತ್ತು. ಆಗ ಮುಜೀಬ್ ಪರ ಮಾತಾಡುವುದಕ್ಕೆ ಧೈರ್ಯ ಬೇಕಿತ್ತು, ಅದಕ್ಕೇ ಆ ಮಾತಿಗೆ ತೂಕ ಇತ್ತು.

2009ರ ನಂತರ ಹಸೀನಾ ಆ ತೂಕ ಕಳೆದರು. 2011ರ ಹದಿನೈದನೇ ತಿದ್ದುಪಡಿ ಕಚೇರಿಗಳಲ್ಲಿ ಮುಜೀಬ್ ಚಿತ್ರವನ್ನು ಸಂವಿಧಾನದಲ್ಲೇ ಕಡ್ಡಾಯ ಮಾಡಿತು. 2018ರ ಡಿಜಿಟಲ್ ಭದ್ರತಾ ಕಾಯ್ದೆ ಪ್ರಕಾರ ರಾಷ್ಟ್ರಪಿತನ ವಿರುದ್ಧ ಅಪಪ್ರಚಾರ ಮಾಡಿದರೆ 10 ವರ್ಷದವರೆಗೆ ಜೈಲು. ಅಪಪ್ರಚಾರ ಅಂದರೆ ಯಾವುದು ಅನ್ನುವುದನ್ನು ಪೊಲೀಸರೇ ತೀರ್ಮಾನಿಸುತ್ತಿದ್ದರು. ಫೇಸ್‌ಬುಕ್ ಪೋಸ್ಟಿಗೆ ಬಂಧನಗಳಾದವು. ಹೀಗಿದ್ದಾಗ 1974ರ ಬಗ್ಗೆ, ಬಾಕ್ಸಾಲ್ ಬಗ್ಗೆ ಯಾರು ಬರೆಯುತ್ತಾರೆ? ತಪ್ಪುಗಳನ್ನು ಮುಚ್ಚಿಟ್ಟ ಮೇಲೆ ಉಳಿದದ್ದು ಗೋಡೆಗೆ ಹಚ್ಚುವ ಬೊಂಬೆ. 2020ರ ಶತಮಾನೋತ್ಸವಕ್ಕೆ ಬಂದ 'ಮುಜೀಬ್ ವರ್ಷ'ದಲ್ಲಿ ಊರೂರಿಗೂ ಆ ಬೊಂಬೆ ಬಂತು.

2024ರ ದಂಗೆಯ ಕಿಡಿ ಹೊತ್ತಿದ್ದೂ ಮುಜೀಬ್ ಕಾಲದ ಒಂದು ಆದೇಶದಿಂದಲೇ. 1972ರಲ್ಲಿ ಅವರು ಸ್ವಾತಂತ್ರ್ಯ ಹೋರಾಟಗಾರರಿಗೆ ಸರ್ಕಾರಿ ಕೆಲಸದಲ್ಲಿ 30% ಮೀಸಲು ಇಟ್ಟಿದ್ದರು. ಆಗ ಅದು ನ್ಯಾಯವೇ. ಆಮೇಲೆ ಅದು ಮಕ್ಕಳಿಗೆ ಬಂತು, ಮೊಮ್ಮಕ್ಕಳಿಗೆ ಬಂತು, ಆಳುವ ಪಕ್ಷಕ್ಕೆ ಹತ್ತಿರದವರಿಗೆ ಸುಲಭದ ದಾರಿಯಾಯಿತು ಅನ್ನುವ ದೂರು ಬೆಳೆಯಿತು. 2018ರಲ್ಲಿ ರದ್ದಾದ ಕೋಟಾವನ್ನು 2024ರ ಜೂನ್‌ನಲ್ಲಿ ಹೈಕೋರ್ಟ್ ಮತ್ತೆ ತಂದಿತು. ವಿದ್ಯಾರ್ಥಿಗಳು ಬೀದಿಗಿಳಿದರು. ಜುಲೈ 14ರಂದು ಹಸೀನಾ, ಹೋರಾಟಗಾರರ ಮೊಮ್ಮಕ್ಕಳಿಗೆ ಕೊಡದೆ ರಜಾಕಾರರ ಮೊಮ್ಮಕ್ಕಳಿಗೆ ಕೊಡಬೇಕಾ ಅಂದುಬಿಟ್ಟರು. ಕಲ್ಯಾಣ ಕರ್ನಾಟಕದವರಿಗೆ ಈ ಪದ ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ರಜಾಕಾರರು ಬೇರೆ, 1971ರಲ್ಲಿ ಪಾಕಿಸ್ತಾನಿ ಸೇನೆಗೆ ಕೈಜೋಡಿಸಿದವರು. ಬೈಗುಳದ ಖಾರ ಮಾತ್ರ ಒಂದೇ.

ಆ ರಾತ್ರಿ ಢಾಕಾ ವಿಶ್ವವಿದ್ಯಾಲಯದ ಹಾಸ್ಟೆಲುಗಳಿಂದ ಹುಡುಗ ಹುಡುಗಿಯರು ಕೂಗುತ್ತಾ ಹೊರಬಂದರು: ನೀನು ಯಾರು, ನಾನು ಯಾರು, ರಜಾಕಾರ, ರಜಾಕಾರ! ಮುಜೀಬ್ ಚಳವಳಿಯ ಕಾಲದಲ್ಲಿ ಇದೇ ಲಯದ ಘೋಷಣೆ ಇತ್ತು. ಅದರ ಕೊನೆಗೆ 'ಬಂಗಾಳಿ, ಬಂಗಾಳಿ' ಅಂತಿತ್ತು. ಅಪ್ಪನ ಘೋಷಣೆ ತಿರುಗಿಸಿ ಮಗಳ ಮುಖಕ್ಕೆ ಎಸೆದರು. ಹಸೀನಾ ಗುಂಡಿನಿಂದ ಉತ್ತರ ಕೊಟ್ಟರು. ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯ ವರದಿ ಪ್ರಕಾರ ಆ ವಾರಗಳಲ್ಲಿ ಸತ್ತವರು 1,400ರವರೆಗೆ ಇರಬಹುದು. 2025ರ ನವೆಂಬರ್‌ನಲ್ಲಿ ಢಾಕಾದ ನ್ಯಾಯಮಂಡಳಿ ಅವರ ಗೈರಿನಲ್ಲೇ ಮರಣದಂಡನೆ ವಿಧಿಸಿತು.

ದಿಲ್ಲಿಯ ಪಾಲೂ ಇದರಲ್ಲಿ ಇದೆ. ಹದಿನೈದು ವರ್ಷ ನಾವು ಬಾಂಗ್ಲಾದೇಶ ಅಂದರೆ ಹಸೀನಾ ಅಂದುಕೊಂಡೆವು. ಅಲ್ಲಿನ ಯುವಕರ ಕಣ್ಣಿನಲ್ಲಿ ಮುಜೀಬ್, ಹಸೀನಾ, ಭಾರತ ಮೂರೂ ಒಂದೇ ಪೋಸ್ಟರಿನಲ್ಲಿ ಸೇರಿಹೋದವು. ಧಾನ್ಮಂಡಿ ಮನೆ ಒಡೆದದ್ದೂ ಹಸೀನಾ ಇಲ್ಲಿಂದ ಆನ್‌ಲೈನ್ ಭಾಷಣ ಮಾಡುತ್ತಾರೆ ಅಂತ ಘೋಷಣೆಯಾದ ರಾತ್ರಿಯೇ. ಗುಂಡಿನ ಗುರುತುಗಳನ್ನು ಗಾಜಿನ ಹಿಂದೆ ಕಾಪಾಡಿಟ್ಟಿದ್ದ ಮ್ಯೂಸಿಯಂ ಅದು. ಅಲ್ಲಿಂದ ಜನ ಕಬ್ಬಿಣದ ಸರಳು, ಇಟ್ಟಿಗೆ ಹೊತ್ತುಕೊಂಡು ಹೋದರು. ಸರ್ಕಾರ ಸುಮ್ನೆ ನೋಡುತ್ತಾ ನಿಂತಿತು. ಹಸೀನಾ ಮೇಲೆ ಎಷ್ಟೇ ಸಿಟ್ಟಿರಲಿ, ಒಂದು ಕೊಲೆ ನಡೆದ ಜಾಗವನ್ನು ಅಳಿಸುವುದು ಸಾಕ್ಷಿ ಅಳಿಸಿದ ಹಾಗೆ. ಹಂಗಾಮಿ ಸರ್ಕಾರ ಪ್ರಮಾಣವಚನ ತೆಗೆದುಕೊಂಡ ಜಾಗವಾದ ಮೆಹರ್‌ಪುರದ ಮುಜೀಬ್‌ನಗರದಲ್ಲಿ ಪಾಕಿಸ್ತಾನಿ ಸೇನೆ ಶರಣಾಗುವ ಶಿಲ್ಪವನ್ನೂ ಪುಡಿ ಮಾಡಿದರು. ಒಂದು ಕುಟುಂಬದ ಮೇಲಿನ ಕೋಪ ಇಡೀ 1971ಕ್ಕೆ ತಟ್ಟಿತು. ಆ ವರ್ಷವನ್ನು ತನ್ನದೊಂದೇ ಆಸ್ತಿ ಅಂದುಕೊಂಡ ಪಕ್ಷಕ್ಕೂ ಇದರಲ್ಲಿ ಪಾಲಿದೆ.

ಘಾನಾದಲ್ಲಿ ಕ್ವಾಮೆ ಎನ್‌ಕ್ರುಮಾಗೂ ಇದೇ ಆಗಿತ್ತು. ಅವರೂ ದೇಶಕ್ಕೆ ಸ್ವಾತಂತ್ರ್ಯ ತಂದು, ಆಮೇಲೆ ಒಂದೇ ಪಕ್ಷದ ಆಡಳಿತ ಮಾಡಿದವರು. 1966ರ ಸೇನಾ ಕ್ರಾಂತಿಯಲ್ಲಿ ಅಕ್ರಾದ ಅವರ ಪ್ರತಿಮೆಯ ತಲೆ ಹಾರಿತು. ಈಗ ಅಲ್ಲಿನ ಸ್ಮಾರಕದಲ್ಲಿ ತಲೆ ಇಲ್ಲದ ಆ ಪ್ರತಿಮೆಯನ್ನೂ, ಮುರಿದ ತಲೆಯನ್ನೂ ಹಾಗೇ ಇಟ್ಟಿದ್ದಾರೆ. ಹೊಗಳಿಕೆಗೂ ಜಾಗ, ಸಿಟ್ಟಿನ ಗುರುತಿಗೂ ಜಾಗ. ಢಾಕಾದಲ್ಲಿ ಸದ್ಯಕ್ಕೆ ಅಂಥ ಮನಸ್ಸು ಕಾಣುತ್ತಿಲ್ಲ. 2025ರ ಹೊಸ ಪಠ್ಯಪುಸ್ತಕಗಳಲ್ಲಿ ಸ್ವಾತಂತ್ರ್ಯ ಘೋಷಣೆಯ ಕೀರ್ತಿ ಮತ್ತೆ ಜಿಯಾ ಕಡೆ ಸರಿದಿದೆ. ಮುಜೀಬ್ ಭಕ್ತರು ಮುಚ್ಚಿಟ್ಟ ರಂಗಪುರದ ಹಸಿವು, ಲಾರ್ಮಾ ಕೇಳಿದ ಪ್ರಶ್ನೆ ಹೊಸಬರಿಗೂ ಮುಖ್ಯ ಅನ್ನಿಸಿದಂತಿಲ್ಲ.

2025ರ ಜೂನ್ ಮೊದಲ ವಾರದಲ್ಲಿ ಸ್ವಾತಂತ್ರ್ಯ ಹೋರಾಟಗಾರ ಅಂದರೆ ಯಾರು ಅನ್ನುವ ವ್ಯಾಖ್ಯಾನವನ್ನು ಆಗಿನ ಮಧ್ಯಂತರ ಸರ್ಕಾರ ಸುಗ್ರೀವಾಜ್ಞೆಯಿಂದ ಬದಲಿಸಿತು. ಅದರಲ್ಲಿ ರಾಷ್ಟ್ರಪಿತ ಅನ್ನುವ ಮಾತು ಹೋಯಿತು. ಹಾಗಾದರೆ ಮುಜೀಬ್, ತಾಜುದ್ದೀನ್ ಈಗ ಯಾವ ಪಟ್ಟಿಯಲ್ಲಿ ಅಂತ ಪತ್ರಿಕೆಗಳಲ್ಲಿ ಗುಲ್ಲೆದ್ದಿತು. ಆಗ ಆ ಸರ್ಕಾರದಲ್ಲಿ ಮಂತ್ರಿಯ ಹೊಣೆ ಹೊತ್ತಿದ್ದ ಸಂಬಂಧಪಟ್ಟ ಸಲಹೆಗಾರರು ಮುಂದೆ ಬಂದು, 1971ರ ಹಂಗಾಮಿ ಸರ್ಕಾರ ನಡೆಸಿದವರೆಲ್ಲ ಹೋರಾಟಗಾರರೇ, ಮುಜೀಬ್ ಕೂಡ, ಅಂತ ಸ್ಪಷ್ಟನೆ ಕೊಟ್ಟರು.